ನಿಮ್ಮ ನೇಟಿವ್ ಯಾವುದು?

ಜುಲೈ ತಿಂಗಳ ಒಂದು ಭಾನುವಾರ. ಪುಣೆಯ ಮಳೆ ಬೆಳಗಿನಿಂದ ಬಿಟ್ಟಿರಲಿಲ್ಲ. ಮೂರನೇ ತರಗತಿಯ ಮಗಳು ಊಟದ ಟೇಬಲ್ ಮೇಲೆ ನೋಟ್‌ಬುಕ್ ಹರಡಿಕೊಂಡು ಕೂತಿದ್ದಳು. ಇಂಗ್ಲಿಷ್ ಹೋಮ್‌ವರ್ಕ್: 'ಮೈ ನೇಟಿವ್ ಪ್ಲೇಸ್' ಎಂಬ ವಿಷಯದ ಮೇಲೆ ಹತ್ತು ವಾಕ್ಯ ಬರೆಯಬೇಕು.

"ಅಪ್ಪಾ, ನನ್ನ ನೇಟಿವ್ ಪ್ಲೇಸ್ ಯಾವುದು?"

"ಬಾಗಲಕೋಟೆ" ಅಂದೆ, ಲ್ಯಾಪ್‌ಟಾಪ್‌ನಿಂದ ಕಣ್ಣು ಎತ್ತದೆ.

"ಆದ್ರೆ ನಾನು ಅಲ್ಲಿ ಹುಟ್ಟಿಲ್ವಲ್ಲ?"

"ನಾನು ಅಲ್ಲಿಯವನಲ್ವಾ, ಅದಕ್ಕೆ ನೀನೂ ಅಲ್ಲಿಯವಳೇ."

"ನೀನೂ ಅಲ್ಲಿ ಹುಟ್ಟಿಲ್ಲ. ಮೀರಜದಲ್ಲಿ ಹುಟ್ಟಿದ್ದು ಅಂತ ಅಜ್ಜಿ ಹೇಳ್ತಿದ್ರು."

ಈಗ ಕಣ್ಣು ಎತ್ತಲೇಬೇಕಾಯಿತು. ಬಾಲ್ಕನಿಯಲ್ಲಿ ಪೇಪರ್ ಓದುತ್ತಿದ್ದ ಅಪ್ಪ ಕನ್ನಡಕದ ಮೇಲಿಂದ ನಮ್ಮಿಬ್ಬರನ್ನೂ ನೋಡಿದರು, ಏನೂ ಅನ್ನಲಿಲ್ಲ. ಅವ್ವ ತೀರಿಕೊಂಡ ಮೇಲೆ ಅವರನ್ನು ಪುಣೆಗೆ ಕರೆದುಕೊಂಡು ಬಂದು ಎಂಟು ತಿಂಗಳಾಗಿತ್ತು. ಬಾಗಲಕೋಟೆಯ ನವನಗರದಲ್ಲಿದ್ದ ಮನೆಗೆ ಬೀಗ. ಅದನ್ನು ಕೊಳ್ಳಲು ಒಬ್ಬರು ಮುಂದೆ ಬಂದಿದ್ದರು. ಅಪ್ಪ ಹೂಂ ಅಂದಿರಲಿಲ್ಲ, ಉಹೂಂ ಅಂತಲೂ ಅಂದಿರಲಿಲ್ಲ. ಹಾಗಾಗಿ ಮಗಳ ಪ್ರಶ್ನೆ ಆ ದಿನ ಮನೆಯಲ್ಲಿದ್ದ ಮೂರು ತಲೆಮಾರಿಗೂ ತಗುಲಿತು.

ನಾವು ಹೊರನಾಡಿನಲ್ಲಿರುವವರು ದಿನಕ್ಕೊಮ್ಮೆಯಾದರೂ ಬಳಸುವ ಮಾತು ಇದು. ಲಿಫ್ಟ್‌ನಲ್ಲಿ ಹೊಸಬರು ಸಿಕ್ಕರೆ "ನಿಮ್ಮ ನೇಟಿವ್ ಯಾವುದು?" ಅಂತ ಕೇಳುತ್ತೇವೆ. ದೀಪಾವಳಿಗೆ ರಜೆ ಹಾಕುವಾಗ "ಗೋಯಿಂಗ್ ಟು ನೇಟಿವ್" ಅಂತ ಮೇಲ್ ಬರೆಯುತ್ತೇವೆ. ಇಷ್ಟು ಸಲೀಸಾಗಿ ಬಳಸುವ ಪದವನ್ನು ಒಮ್ಮೆ ತಿರುಗಿಸಿ ನೋಡೋಣ ಅನ್ನಿಸಿತು.

ಹುಟ್ಟಿನ ಪದ

ನೇಟಿವ್‌ನ ಮೂಲ ಲ್ಯಾಟಿನ್ನಿನ 'ನಾಸ್ಕಿ', ಅಂದರೆ ಹುಟ್ಟುವುದು. ಅದರಿಂದ 'ನಾಟುಸ್', ಹುಟ್ಟಿದವನು. ಅದರಿಂದ 'ನಾಟಿವುಸ್', ಹುಟ್ಟಿನಿಂದ ಬಂದದ್ದು. ನೇಚರ್, ನೇಷನ್, ಇನ್ನೇಟ್ ಎಲ್ಲವೂ ಒಂದೇ ಬಸಿರಿನ ಮಕ್ಕಳು. ಫ್ರೆಂಚ್ ಮನೆಯಲ್ಲಿ ಬೆಳೆದು ಬಂದ ಇನ್ನೊಬ್ಬ ತಂಗಿಯೂ ಇದ್ದಾಳೆ, 'ನೈವ್'. ಹುಟ್ಟಿದಾಗ ಹೇಗಿದ್ದನೋ ಹಾಗೇ ಉಳಿದವನು, ಲೋಕದ ಚಾಲಾಕಿತನ ತಿಳಿಯದವನು ಎಂಬ ಅರ್ಥ ಅವಳದು.

ಹಳೆಯ ಲ್ಯಾಟಿನ್ನಿನಲ್ಲಿ ಈ ಪದದ ಮುಂದೆ ಒಂದು 'ಗ' ಇತ್ತು: 'ಗ್ನಾಟುಸ್'. ಭಾಷಾಶಾಸ್ತ್ರದವರು ಅದನ್ನು ಸಂಸ್ಕೃತದ 'ಜನ್' ಧಾತುವಿನ ಜೊತೆ ಒಂದೇ ಬೇರಿಗೆ ಸೇರಿಸುತ್ತಾರೆ. ಜನ್ಮ, ಜನ, ಜಾತ, ಜಾತಕ, ಜಾತಿ ಎಲ್ಲ ಆ ಕಡೆಯ ಕುಡಿಗಳು. ಅಂದರೆ ನೇಟಿವ್ ಮತ್ತು ಜಾತಿ ದೂರದ ದಾಯಾದಿಗಳು. 'ನಿಮ್ಮ ನೇಟಿವ್ ಯಾವುದು' ಎಂದು ಶುರುವಾದ ಎಷ್ಟೋ ಮಾತುಕತೆಗಳು ಎರಡನೆಯ ಪ್ರಶ್ನೆಗೆ ಎಲ್ಲಿ ಹೋಗಿ ನಿಲ್ಲುತ್ತವೆ ಎಂಬುದು ನಮಗೆಲ್ಲ ಗೊತ್ತೇ ಇದೆ. ರಕ್ತಸಂಬಂಧ ಸುಮ್ಮನೆ ಹೋಗುವುದಿಲ್ಲ.

ಹುಟ್ಟೇ ಲೆಕ್ಕವಾದರೆ ನನ್ನ ಮಗಳ ವಾದ ಸರಿ. ನಮ್ಮವ್ವನ ತವರು ಜಮಖಂಡಿ. ಚೊಚ್ಚಲ ಹೆರಿಗೆಗೆ ಅಲ್ಲಿಗೆ ಹೋಗಿದ್ದಳು. ಹೆರಿಗೆ ಕಷ್ಟವಾದೀತು ಅಂತ ವೈದ್ಯರು ಹೇಳಿದ್ದಕ್ಕೆ ಮೀರಜಕ್ಕೆ ಕರೆದೊಯ್ದರು. ಆ ಭಾಗದವರಿಗೆ ದೊಡ್ಡ ದವಾಖಾನೆ ಅಂದರೆ ಇವತ್ತಿಗೂ ಮೀರಜ. ಹೀಗಾಗಿ ನನ್ನ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಸ್ಥಳ ಮೀರಜ, ಮಹಾರಾಷ್ಟ್ರ. ನಾನು ಅಲ್ಲಿ ಇದ್ದದ್ದು ಒಟ್ಟು ಒಂಬತ್ತು ದಿನ. ಲ್ಯಾಟಿನ್ ಪ್ರಕಾರ ನಾನು ಮೀರಜದ ನೇಟಿವ್. ಮೀರಜದವರಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ.

ಇದು ನನ್ನೊಬ್ಬನ ಕತೆ ಅಲ್ಲ. ತವರಿನಲ್ಲಿ ಹೆರಿಗೆ ಆಗುವ ನಾಡಿನಲ್ಲಿ ಅರ್ಧ ಜನ ತಮ್ಮದಲ್ಲದ ಊರಿನಲ್ಲೇ ಹುಟ್ಟಿರುತ್ತಾರೆ. ಕುವೆಂಪು ಹೆಸರಿನ 'ಕು' ಕುಪ್ಪಳಿಯದು. ಅವರ ಕವಿಮನೆ ನೋಡಲು ನಾವು ಹೋಗುವುದೂ ಕುಪ್ಪಳಿಗೇ. ಆದರೆ 1904ರ ಡಿಸೆಂಬರ್ 29ರಂದು ಅವರು ಹುಟ್ಟಿದ್ದು ತಾಯಿಯ ತವರಾದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಹುಟ್ಟೂರೇ ನೇಟಿವ್ ಆಗಿದ್ದರೆ ನಾವು ಅವರ ಹೆಸರನ್ನೇ ಬೇರೆ ಬರೆಯಬೇಕಿತ್ತು.

ನಮ್ಮ ಜನಗಣತಿಯವರಿಗೂ ಈ ಗುಟ್ಟು ಗೊತ್ತಿದೆ. ವಲಸೆಯ ಕಾರಣ ಕೇಳುವಾಗ ಉದ್ಯೋಗ, ವ್ಯಾಪಾರ, ಶಿಕ್ಷಣ, ಮದುವೆ ಇವುಗಳ ಸಾಲಿನಲ್ಲೇ 'ಹುಟ್ಟಿದ ಮೇಲೆ ಬಂದದ್ದು' ಎಂಬ ಇನ್ನೊಂದು ಕಾರಣವನ್ನೂ ಇಟ್ಟಿದ್ದಾರೆ. ತೊಟ್ಟಿಲ ಕೂಸು ತವರಿನಿಂದ ಅಪ್ಪನ ಮನೆಗೆ ಬಂದರೂ ಸರ್ಕಾರದ ಲೆಕ್ಕದಲ್ಲಿ ಅದು ವಲಸಿಗನೇ. ಆ ಕೋಷ್ಟಕ ನೋಡಿದಾಗ ನನಗೆ ಒಳಗೊಳಗೇ ಸಮಾಧಾನವಾಯಿತು. ಪುಣೆಗೆ ಬಂದು ವಲಸಿಗನಾದೆ ಅಂದುಕೊಂಡಿದ್ದೆ. ಆದದ್ದು ಹತ್ತನೇ ದಿನಕ್ಕೇ.

ಆಳಿನಿಂದ ಆಳಿಸಿಕೊಂಡವರವರೆಗೆ

ಪದ ಹುಟ್ಟಿದ್ದು ಹೀಗಾದರೆ ಬೆಳೆದದ್ದು ಅಷ್ಟು ಮರ್ಯಾದೆಯಿಂದಲ್ಲ. ಮಧ್ಯಯುಗದ ಇಂಗ್ಲೆಂಡಿನ ದಾಖಲೆಗಳಲ್ಲಿ 'ನಾಟಿವುಸ್' ಅಂದರೆ ಹುಟ್ಟಿನಿಂದಲೇ ಜೀತಗಾರ. ದೊರೆಯ ಜಮೀನಿನಲ್ಲಿ ಹುಟ್ಟಿದವನು, ಆ ಜಮೀನು ಬಿಟ್ಟು ಹೋಗಲು ಹಕ್ಕಿಲ್ಲದವನು. ಇವತ್ತು ರಜೆಗಾಗಿ ಹಂಬಲಿಸಿ ಹೋಗುವ ಊರಿನ ಹೆಸರಿನಲ್ಲಿ ಒಂದು ಕಾಲಕ್ಕೆ ಊರು ಬಿಡಲಾಗದವನ ನಿಟ್ಟುಸಿರಿತ್ತು.

ಇದಕ್ಕೊಂದು ಜೋಡಿ ಪದ ಉಂಟು. ನಮ್ಮ ಭಾಷೆಗಳನ್ನು ಇಂಗ್ಲಿಷರು 'ವರ್ನಾಕ್ಯುಲರ್' ಎಂದು ಕರೆದರು. ಅದರ ಬೇರು ಲ್ಯಾಟಿನ್ನಿನ 'ವೆರ್ನಾ', ಅಂದರೆ ಯಜಮಾನನ ಮನೆಯಲ್ಲೇ ಹುಟ್ಟಿದ ಗುಲಾಮ. ಇವತ್ತಿಗೂ ಕೆಲವರು 'ನಾನು ವರ್ನಾಕ್ಯುಲರ್ ಮೀಡಿಯಮ್' ಅಂತ ಸ್ವಲ್ಪ ತಲೆ ತಗ್ಗಿಸಿ ಹೇಳಿಕೊಳ್ಳುತ್ತಾರೆ. ನಾನೂ ಮೊದಲ ಕೆಲಸದ ಇಂಟರ್‌ವ್ಯೂನಲ್ಲಿ ಹೇಳಿಕೊಂಡಿದ್ದೆ. ತಗ್ಗಬೇಕಾದದ್ದು ಪದದ ತಲೆ, ನಮ್ಮದಲ್ಲ.

ಹಡಗು ಹತ್ತಿದ ಮೇಲೆ ನೇಟಿವ್ ಎಂಬುದಕ್ಕೆ ಹೊಸ ಅರ್ಥ ಬಂತು: ತಾವು ಹೋದ ಕಡೆ ಆಗಲೇ ಇದ್ದವರು. ಆಳುವವರಿಗೆ ಹೆಸರು, ಹುದ್ದೆ. ಆಳಿಸಿಕೊಳ್ಳುವವರಿಗೆ ಒಟ್ಟಾಗಿ 'ನೇಟಿವ್ಸ್'. ಸೈನ್ಯದಲ್ಲಿ 'ಬಾಂಬೆ ನೇಟಿವ್ ಇನ್‌ಫೆಂಟ್ರಿ', ನಕ್ಷೆಯಲ್ಲಿ 'ನೇಟಿವ್ ಸ್ಟೇಟ್ಸ್'. ನನ್ನವ್ವನ ತವರಾದ ಜಮಖಂಡಿ ಪಟವರ್ಧನರ ಸಂಸ್ಥಾನ, ಹಾಗಾಗಿ ನೇಟಿವ್ ಸ್ಟೇಟ್. ಅಪ್ಪನ ಬಾಗಲಕೋಟೆ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಆ ಕಾಲದಲ್ಲಾಗಿದ್ದರೆ ನನ್ನ ಅಪ್ಪ-ಅವ್ವನ ಮದುವೆ ಎರಡು ರಾಜ್ಯಗಳ ನಡುವಿನ ಸಂಬಂಧ ಆಗುತ್ತಿತ್ತು. ಯಾರಾದರೂ ಬಿಳಿಯ ಅಧಿಕಾರಿ ಪಂಚೆ ಉಟ್ಟು, ಇಲ್ಲಿಯ ಊಟ ಇಷ್ಟಪಟ್ಟರೆ 'ಗಾನ್ ನೇಟಿವ್' ಎಂದು ಉಳಿದವರು ಗಾಬರಿಯಾಗುತ್ತಿದ್ದರು. ರೋಗ ತಗುಲಿದ ಹಾಗೆ.

ಪುಣೆಯಲ್ಲಿ ಈ ಪದದ ಒಂದು ಗುರುತು ಇವತ್ತಿಗೂ ನಡೆದಾಡುವ ದೂರದಲ್ಲಿದೆ. ಲಕ್ಷ್ಮೀ ರಸ್ತೆಯ ಪುಣೆ ನಗರ ವಾಚನ ಮಂದಿರ ಶುರುವಾದದ್ದು 1848ರಲ್ಲಿ, 'ಪೂನಾ ನೇಟಿವ್ ಜನರಲ್ ಲೈಬ್ರರಿ' ಎಂಬ ಹೆಸರಿನಲ್ಲಿ. ಕಾಲ ಬದಲಾಗಿ ನೇಟಿವ್ ಹೋಗಿ 'ನಗರ' ಬಂತು. ಒಂದು ಬೋರ್ಡು ಬದಲಾದದ್ದರಲ್ಲಿ ಎಷ್ಟು ಚರಿತ್ರೆ ಇದೆ ನೋಡಿ: ಅವರ ಕಣ್ಣಿನಲ್ಲಿ ನೇಟಿವ್ ಆಗಿದ್ದವರು ತಮ್ಮ ಕಣ್ಣಿನಲ್ಲಿ ನಾಗರಿಕರಾದರು.

ಬೇರೆ ಕಡೆ ಇದು ಬೋರ್ಡಿಗೆ ನಿಲ್ಲಲಿಲ್ಲ. ದಕ್ಷಿಣ ಆಫ್ರಿಕಾದಲ್ಲಿ 1913ರ 'ನೇಟಿವ್ಸ್ ಲ್ಯಾಂಡ್ ಆ್ಯಕ್ಟ್' ಕಪ್ಪು ಜನರಿಗೆ ದೇಶದ ಸುಮಾರು ಶೇಕಡ 7ರಷ್ಟು ನೆಲವನ್ನು ಮಾತ್ರ ಬಿಟ್ಟು, ಉಳಿದ ಕಡೆ ಜಮೀನು ಕೊಳ್ಳದಂತೆ ತಡೆಯಿತು. ನೇಟಿವ್ ಎಂದು ಕರೆದು, ನೇಟಿವ್ ಜಾಗವನ್ನೇ ಕಿತ್ತುಕೊಂಡ ಕಾನೂನು. ಅಮೆರಿಕದ್ದು ಇನ್ನೂ ವಿಚಿತ್ರ. ಇವತ್ತು 'ನೇಟಿವ್ ಅಮೆರಿಕನ್' ಎಂದರೆ ಆ ನೆಲದ ಮೂಲ ಜನ. ಆದರೆ 1840ರ ದಶಕದಲ್ಲಿ ಅದೇ ಹೆಸರಿನ ರಾಜಕೀಯ ಪಕ್ಷವೊಂದಿತ್ತು. ಅದರಲ್ಲಿದ್ದವರು ಯುರೋಪಿನಿಂದ ವಲಸೆ ಹೋದವರ ಮಕ್ಕಳು, ಮೊಮ್ಮಕ್ಕಳು. ಅವರ ಸಿಟ್ಟು ತಮ್ಮ ನಂತರ ಹಡಗಿನಿಂದ ಇಳಿದ ಐರಿಷ್ ಮತ್ತು ಜರ್ಮನ್ ಕ್ಯಾಥೊಲಿಕರ ಮೇಲೆ. ಮೊದಲ ಬಸ್ಸಿಗೆ ಬಂದವರು ಎರಡನೇ ಬಸ್ಸಿನವರಿಗೆ 'ನಾವು ಇಲ್ಲಿಯವರು' ಅಂದ ಹಾಗೆ.

ಊರು, ಗಾವ್, ಜವಾರಿ

ಇಷ್ಟೆಲ್ಲ ಕೆಸರು ಮೆತ್ತಿಕೊಂಡ ಪದವನ್ನು ನಾವು ಭಾರತೀಯರು ಏನು ಮಾಡಿದೆವು? ತೊಳೆದು, ಒಣಗಿಸಿ, ಮನೆಯ ಒಳಗಿಟ್ಟುಕೊಂಡೆವು. 'ನೇಟಿವ್ ಪ್ಲೇಸ್' ಎಂಬುದು ಸರ್ಕಾರಿ ಅರ್ಜಿಗಳಲ್ಲಿ, ಮದುವೆ ಬಯೋಡೇಟಾಗಳಲ್ಲಿ ನೆಲೆಯಾಯಿತು. ಆಮೇಲೆ 'ಪ್ಲೇಸ್' ಉದುರಿ ಹೋಗಿ ಬರೀ 'ನೇಟಿವ್' ಉಳಿಯಿತು. 'ನೇಟಿವ್‌ಗೆ ಹೋಗ್ತಿದೀನಿ' ಎಂದರೆ ಲಂಡನ್ನಿನವನಿಗೆ ತಲೆಬುಡ ತಿಳಿಯದು, ಬೆಂಗಳೂರಿನ ಆಟೋದವರಿಗೆ ತಕ್ಷಣ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ನೇಟಿವ್ ಒಬ್ಬ ಮನುಷ್ಯ. ನಮ್ಮಲ್ಲಿ ಅದು ಒಂದು ಊರು. ಹುಟ್ಟಿನ ಅರ್ಥವನ್ನು ನಾವು ಬಹುತೇಕ ಕೈಬಿಟ್ಟೆವು. ನಾವು ಇಂಗ್ಲಿಷ್ ಪದದ ಒಳಗೆ ಕನ್ನಡದ 'ಊರು' ಎಂಬುದನ್ನು ಕೂರಿಸಿದ್ದೇವೆ.

'ಊರಿಗೆ ಹೋಗಿದ್ದೆ' ಎಂದರೆ ಯಾವ ಊರು ಅಂತ ಯಾರೂ ಕೇಳುವುದಿಲ್ಲ. ಪುಣೆಯೂ ಊರೇ, ಎಪ್ಪತ್ತು ಲಕ್ಷ ಜನರ ನಡುವೆ ನಿಂತರೂ ಅದು 'ಊರು' ಅಲ್ಲ. ಮರಾಠಿಯಲ್ಲೂ ಹೀಗೇ. 'ಗಾವಾಲಾ ಗೇಲೋ ಹೋತೋ' ಎಂದರೆ ಸಾಕು. 'ತುಮಚಂ ಗಾವ್ ಕುಠಲಂ?' ಎಂಬುದು ಇಲ್ಲಿಯ ಲಿಫ್ಟಿನ ಪ್ರಶ್ನೆ. ಊರನ್ನು ಹೆಸರಿಗೇ ಕಟ್ಟಿಕೊಂಡು ತಿರುಗುವ ಅಭ್ಯಾಸವೂ ಇಬ್ಬರಿಗೂ ಇದೆ. ಅವರು ಊರಿನ ಹೆಸರಿಗೆ 'ಕರ್' ಸೇರಿಸುತ್ತಾರೆ. ನಮ್ಮ ಉತ್ತರ ಕರ್ನಾಟಕದಲ್ಲಿ ಹುಬ್ಬಳ್ಳಿ, ಬೆಳಗಾವಿ, ಕೊಪ್ಪಳ ಎಂದು ಊರೇ ಅಡ್ಡಹೆಸರು. ಹಳೆ ಮೈಸೂರಿನವರು ಊರನ್ನು ಒಂದೇ ಅಕ್ಷರ ಮಾಡಿ ಹೆಸರಿನ ಮುಂದೆ ಇಟ್ಟುಕೊಳ್ಳುತ್ತಾರೆ.

ತಿನ್ನುವ ವಿಷಯಕ್ಕೆ ಬಂದರಂತೂ ನೇಟಿವ್‌ಗೆ ಇರುವಷ್ಟು ಬೆಲೆ ಇನ್ಯಾವುದಕ್ಕೂ ಇಲ್ಲ. ಬೆಂಗಳೂರಿನವರ ನಾಟಿ ಕೋಳಿ, ನಮ್ಮ ಕಡೆಯ ಜವಾರಿ ಕೋಳಿ, ಪುಣೆಯ ಗಾವರಾನ್ ಕೋಳಿ ಮೂರೂ ಒಂದೇ, ಮೂರಕ್ಕೂ ಫಾರಂ ಕೋಳಿಗಿಂತ ದುಡ್ಡು ಜಾಸ್ತಿ. ನೇಟಿವ್‌ನಿಂದಲೇ ನಾಟಿ ಬಂತು ಎಂದು ನನ್ನ ಗೆಳೆಯನೊಬ್ಬ ಬಹಳ ದಿನ ನಂಬಿದ್ದ. ಹಾಗಲ್ಲ, ಅದು 'ನಾಡು' ಎಂಬ ನಮ್ಮದೇ ಪದದ ಬಳಗ; ತಮಿಳರ ನಾಟ್ಟುಕ್ಕೋಳಿಯನ್ನು ನೋಡಿದರೆ ಗೊತ್ತಾಗುತ್ತದೆ. ತಮಾಷೆ ಏನೆಂದರೆ, ಕೋಳಿ ಜವಾರಿಯಾದರೆ ಹೆಚ್ಚು ದುಡ್ಡು ಕೊಡುವ ನಾವೇ ಮಾತು ಜವಾರಿಯಾದರೆ ಮುಖ ಸಿಂಡರಿಸುತ್ತೇವೆ.

ಇನ್ನು 'ನೇಟಿವ್ ಸ್ಪೀಕರ್' ಎಂಬ ಮಾತು. ಬೇಂದ್ರೆಯವರ ಮನೆಮಾತು ಮರಾಠಿ. ಅವರು 1918ರಲ್ಲಿ ಬಿ.ಎ. ಮುಗಿಸಿದ್ದು ನಮ್ಮ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಮಾಸ್ತಿಯವರ ಮನೆಮಾತು ತಮಿಳು. ತೊಟ್ಟಿಲ ಭಾಷೆಯೊಂದೇ ಅಳತೆಗೋಲಾದರೆ ಇವರಿಬ್ಬರೂ ಕನ್ನಡದ ಹೊರಗೆ ಉಳಿಯುತ್ತಾರೆ. ಅಂಥ ಅಳತೆಗೋಲು ಯಾರಿಗೆ ಬೇಕು?

ಆಫೀಸಿನ ನೇಟಿವ್

ನನ್ನ ಕಸುಬಿನಲ್ಲೂ ಈ ಪದ ಬಿಟ್ಟೂಬಿಡದೆ ಕಾಡುತ್ತದೆ. ನೇಟಿವ್ ಆ್ಯಪ್, ನೇಟಿವ್ ಕೋಡ್, 2015ರಲ್ಲಿ ಫೇಸ್‌ಬುಕ್ ಹೊರಬಿಟ್ಟ ರಿಯಾಕ್ಟ್ ನೇಟಿವ್, ಎಲ್ಲರ ಬಾಯಲ್ಲಿರುವ ಕ್ಲೌಡ್ ನೇಟಿವ್. ಮೊದಲ ದಿನದಿಂದಲೇ ಕ್ಲೌಡಿಗಾಗಿ ಕಟ್ಟಿದ ತಂತ್ರಾಂಶ ಕ್ಲೌಡ್ ನೇಟಿವ್. ಹಳೆಯ ಸರ್ವರ್‌ನಲ್ಲಿದ್ದದ್ದನ್ನು ಇದ್ದ ಹಾಗೇ ಎತ್ತಿ ಕ್ಲೌಡಿಗೆ ಇಟ್ಟರೆ ಅದಕ್ಕೆ 'ಲಿಫ್ಟ್ ಆ್ಯಂಡ್ ಶಿಫ್ಟ್' ಅನ್ನುತ್ತೇವೆ. ಹಾಗೆ ಎತ್ತಿಟ್ಟ ತಂತ್ರಾಂಶ ಕೆಲಸವನ್ನೇನೋ ಮಾಡುತ್ತದೆ, ಆದರೆ ಹಳೆಯ ಮನೆಯ ಅಭ್ಯಾಸ ಬಿಡುವುದಿಲ್ಲ. ಇಲ್ಲದ ಡಿಸ್ಕನ್ನು ಹುಡುಕುತ್ತದೆ, ಹಳೆಯ ವಿಳಾಸಕ್ಕೆ ಕರೆ ಮಾಡುತ್ತದೆ. 2010ರಲ್ಲಿ ಎಂ.ಟೆಕ್. ಮುಗಿಸಿ ಹಿಂಜವಡಿಗೆ ಬಂದಿಳಿದ ನಾನು ಲಿಫ್ಟ್ ಆ್ಯಂಡ್ ಶಿಫ್ಟ್. ಇಲ್ಲೇ ಹುಟ್ಟಿ, ಮರಾಠಿಯಲ್ಲಿ ಜಗಳವಾಡುವ ಮಗಳು ಕ್ಲೌಡ್ ನೇಟಿವ್.

ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು ಜಾವಾ ಭಾಷೆಯ 'ನೇಟಿವ್' ಎಂಬ ಕೀವರ್ಡ್. ಜಾವಾದಲ್ಲಿ ಒಂದು ಮೆಥಡ್‌ಗೆ ನೇಟಿವ್ ಎಂದು ಗುರುತು ಹಾಕಿದರೆ ಅದರ ಒಡಲು ಜಾವಾದಲ್ಲಿ ಇಲ್ಲ, ಬೇರೆ ಭಾಷೆಯಲ್ಲಿ, ಸಾಮಾನ್ಯವಾಗಿ ಸಿ ಅಥವಾ ಸಿ++ನಲ್ಲಿ ಬರೆದದ್ದು ಅಂತ ಅರ್ಥ. ಜಾವಾದ ದೃಷ್ಟಿಯಲ್ಲಿ ಅದು ಪರಭಾಷೆ. ಅದಕ್ಕೆ 'ಪರಕೀಯ' ಅಂತ ಹೆಸರಿಡಬೇಕಿತ್ತು. ಆದರೆ ಕೆಳಗಿರುವ ಯಂತ್ರದ ಕಡೆಯಿಂದ ನೋಡಿದರೆ ಆ ಕೋಡೇ ನೇಟಿವ್, ಜಾವಾವೇ ಮೇಲೆ ಬಂದು ಕೂತ ಬಾಡಿಗೆದಾರ. ಹೊಸಬರಿಗೆ ಇದನ್ನು ಹೇಳಿಕೊಡುವಾಗಲೆಲ್ಲ ಒಂದು ಮಾತು ಹೊಳೆಯುತ್ತದೆ. ನೇಟಿವ್ ಎಂಬುದು ವಸ್ತುವಿನ ಗುಣವಲ್ಲ. ಯಾರು, ಎಲ್ಲಿ ನಿಂತು ನೋಡುತ್ತಿದ್ದಾರೆ ಎಂಬುದರ ಮೇಲೆ ಅದು ಬದಲಾಗುತ್ತದೆ.

ಎಷ್ಟು ವರ್ಷಕ್ಕೆ ಇಲ್ಲಿಯವರು?

ಕಾನೂನಿಗೆ ಇಂಥ ತತ್ವ ಸಾಲದು, ಅದಕ್ಕೆ ಅಂಕಿ ಬೇಕು. ಹೈದರಾಬಾದ್ ಸಂಸ್ಥಾನದ 1919ರ ಮುಲ್ಕಿ ನಿಯಮಗಳಲ್ಲಿ ಸರ್ಕಾರಿ ನೌಕರಿಗೆ 15 ವರ್ಷಗಳ ವಾಸ ಬೇಕಿತ್ತು. 'ಮುಲ್ಕಿ' ಎಂದರೆ ಮುಲ್ಕಿನವನು, ಅಂದರೆ ನಾಡಿನವನು, ಅಪ್ಪಟ ನೇಟಿವ್. ಮುಂಬೈ ಕರ್ನಾಟಕದಲ್ಲಿ ಏಳನೇ ಇಯತ್ತೆಯ ಪರೀಕ್ಷೆಗೆ ಮುಲ್ಕಿ ಪರೀಕ್ಷೆ ಎನ್ನುತ್ತಿದ್ದರು. ನಮ್ಮಜ್ಜ 'ಮುಲ್ಕಿ ಪಾಸ್' ಎಂದು ಎದೆಯುಬ್ಬಿಸಿ ಹೇಳುತ್ತಿದ್ದ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿ ಆ ಪ್ರದೇಶಕ್ಕೆ ಸೇರಿದವರು ಯಾರು ಎಂಬುದಕ್ಕೆ ಹುಟ್ಟು ಅಥವಾ ವಾಸ ಎರಡನ್ನೂ ಒಪ್ಪುತ್ತದೆ. ಮಹಾರಾಷ್ಟ್ರದ ಡೊಮಿಸೈಲ್ ಪ್ರಮಾಣಪತ್ರಕ್ಕೂ 15 ವರ್ಷಗಳ ವಾಸದ ದಾಖಲೆ ಬೇಕು. ಕರ್ನಾಟಕದ ಸಿಇಟಿಗೆ ಅಲ್ಲಿ ಏಳು ವರ್ಷ ಓದಿರಬೇಕು ಎಂಬುದು ಮುಖ್ಯ ನಿಯಮ. ಗಡಿನಾಡು, ಹೊರನಾಡು ಕನ್ನಡಿಗರಿಗೆ ಬೇರೆ ಕಲಂಗಳಿವೆ.

ಇವುಗಳನ್ನು ನಾನು ತಮಾಷೆ ಮಾಡುತ್ತಿಲ್ಲ. ಸ್ಥಳೀಯರ ಮಕ್ಕಳಿಗೆ ಕೆಲಸ ಸಿಗಬೇಕು, ಅವರ ಭಾಷೆ ಬಾಳಬೇಕು ಎಂಬ ಕಳಕಳಿ ಸಣ್ಣದಲ್ಲ. ಬೆಂಗಳೂರಿನಲ್ಲಿ ಕನ್ನಡ ಕೇಳಿಸದಿದ್ದರೆ ನನಗೂ ಹೊಟ್ಟೆ ಉರಿಯುತ್ತದೆ. ಆದರೆ ಅದೇ ವಾಟ್ಸಾಪ್ ಗುಂಪಿನಲ್ಲಿ 'ಹೊರಗಿನವರು ನಮ್ಮ ಊರನ್ನು ಹಾಳುಮಾಡಿದರು' ಎಂಬ ಸಂದೇಶಕ್ಕೆ ಹೆಬ್ಬೆರಳು ಒತ್ತುವಾಗ ಕೈ ಒಂದು ಕ್ಷಣ ತಡೆಯುತ್ತದೆ. ಏಕೆಂದರೆ ಪುಣೆಯಲ್ಲಿ ಆ 'ಹೊರಗಿನವರು' ನಾನೇ. ಇಲ್ಲಿಯ ಟ್ರಾಫಿಕ್, ನೀರಿನ ಟ್ಯಾಂಕರ್, ಏರಿದ ಬಾಡಿಗೆ ಎಲ್ಲದರಲ್ಲೂ ನನ್ನ ಪಾಲು ಇದೆ. ಎರಡೂ ಕಡೆಯ ಸಿಟ್ಟು ಅರ್ಥವಾಗುವುದು ಹೊರನಾಡಿನವರ ಕಷ್ಟ, ಬಹುಶಃ ಅವರ ಉಪಯೋಗವೂ ಹೌದು.

ಹಿಂದಕ್ಕೆ ಹೋದರೆ ಯಾರ ಲೆಕ್ಕವೂ ಉಳಿಯುವುದಿಲ್ಲ. ಪುಣೆಯ ಹೆಸರು ಸಿಗುವ ಹಳೆಯ ದಾಖಲೆಗಳು 758 ಮತ್ತು 768ರ ರಾಷ್ಟ್ರಕೂಟರ ತಾಮ್ರಪಟಗಳು. ಅವುಗಳಲ್ಲಿ ಇದು ಪುಣ್ಯವಿಷಯ, ಪೂನಕವಿಷಯ. ಆ ರಾಷ್ಟ್ರಕೂಟರ ರಾಜಧಾನಿ ಮುಂದೆ ಮಾನ್ಯಖೇಟವಾಯಿತು, ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ಇದನ್ನು ಹೇಳಿದ್ದು 'ನಾವೇ ಮೊದಲು ಬಂದವರು' ಅಂತ ಎದೆ ತಟ್ಟಿಕೊಳ್ಳಲು ಅಲ್ಲ. ಮೊದಲ ಬಸ್ಸು ಯಾವುದು ಎಂದು ಹುಡುಕುತ್ತ ಹೋದರೆ ನಿಲ್ದಾಣವೇ ಸಿಗುವುದಿಲ್ಲ ಅಂತ. ಗದಗ ಸೀಮೆಯಲ್ಲಿ ಹುಟ್ಟಿ, ಕುಂದಗೋಳದಲ್ಲಿ ಕಲಿತು, ಪುಣೆಯಲ್ಲಿ ಬಾಳಿ, 1953ರಲ್ಲಿ ಇಲ್ಲಿ ಗುರುವಿನ ಹೆಸರಿನ ಸವಾಯಿ ಗಂಧರ್ವ ಉತ್ಸವ ಶುರುಮಾಡಿದ ಭೀಮಸೇನ ಜೋಶಿಯವರು ಯಾವ ಊರಿನವರು? ಗದಗಿನವರು 'ನಮ್ಮವರು' ಅಂತಾರೆ, ಪುಣೆಯವರೂ ಅಂತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಅಪ್ಪನ ಉತ್ತರ

ಮಗಳ ನೋಟ್‌ಬುಕ್ಕಿಗೆ ಇದ್ಯಾವುದೂ ಸಹಾಯಕ್ಕೆ ಬರಲಿಲ್ಲ. ಕೊನೆಗೆ ಅವಳು ಬಾಲ್ಕನಿಗೆ ಹೋಗಿ ಅಜ್ಜನ ಪಕ್ಕ ಕೂತಳು.

"ಅಜ್ಜಾ, ನಿನ್ನ ನೇಟಿವ್ ಪ್ಲೇಸ್ ಯಾವುದು?"

"ನಂದು ನೀರಾಗ ಐತಿ ನೋಡವಾ" ಅಂದರು ಅಪ್ಪ.

ಅವಳಿಗೆ ನಗು ಬಂತು. ಆದರೆ ಅಪ್ಪ ಹೇಳಿದ್ದು ನಿಜ. ನಮ್ಮ ಹಳೆಯ ಮನೆ ಇದ್ದದ್ದು ಬಾಗಲಕೋಟೆಯ ಕೆಳಗಿನ ಓಣಿಯಲ್ಲಿ, ಘಟಪ್ರಭೆಯ ಕಡೆಗೆ. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರಲ್ಲಿ. ಅಂದಿನಿಂದಲೂ ನಮ್ಮೂರಿನಲ್ಲಿ 'ಮುಳುಗಡೆ' ಎಂಬ ಪದ ಓಡಾಡುತ್ತಿತ್ತು. ಮಗಳ ಮದುವೆ, ಮನೆಗೆ ಸುಣ್ಣ, ಹೊಸ ಕೋಣೆ, ಏನೇ ಮಾತು ತೆಗೆದರೂ 'ಹೆಂಗೂ ಮುಳಗತೈತಿ' ಎಂಬ ಒಂದು ಉಸಿರು. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಗೋಡೆಯ ಮೇಲೂ ಸಂಖ್ಯೆ ಬರೆದು ಹೋದರು. ಪರಿಹಾರ ಬಂತು, ನವನಗರದಲ್ಲಿ ಸೈಟು ಬಂತು. ಅಪ್ಪ ಹಳೆಯ ಮನೆಯ ಸಾಗವಾನಿ ತಲೆಬಾಗಿಲನ್ನು ಚೌಕಟ್ಟಿನ ಸಮೇತ ಬಿಚ್ಚಿಸಿ, ಟ್ರ್ಯಾಕ್ಟರ್‌ನಲ್ಲಿ ಹೇರಿಸಿ ತಂದು ಹೊಸ ಮನೆಗೆ ಕೂರಿಸಿದರು. 519.6 ಮೀಟರ್ ಎತ್ತರದವರೆಗೆ ನೀರು ನಿಲ್ಲುವ ಆ ಜಲಾಶಯವನ್ನು 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ನಾಡಿಗೆ ಅರ್ಪಿಸಿದರು. ಎಷ್ಟೋ ಹೊಲಗಳಿಗೆ ನೀರು ಬಂತು, ಅದನ್ನು ಅಪ್ಪನೇ ಹೇಳುತ್ತಾರೆ. ಓಣಿ ಮಾತ್ರ ಹೋಯಿತು.

ನಂತರದ ಬೇಸಿಗೆಗಳಲ್ಲಿ ಹಿನ್ನೀರು ಇಳಿದಾಗ ಅಪ್ಪ ಒಬ್ಬರೇ ಹೋಗಿ ತಳಪಾಯದ ಕಲ್ಲು ನೋಡಿ ಬರುತ್ತಿದ್ದರು. ನವನಗರದಲ್ಲಿ ಇಪ್ಪತ್ತು ವರ್ಷ ಇದ್ದರೂ ಯಾರಾದರೂ ಊರು ಕೇಳಿದರೆ ಅವರು ಸೆಕ್ಟರ್ ನಂಬರ್ ಹೇಳಿದವರಲ್ಲ, ಓಣಿಯ ಹೆಸರನ್ನೇ ಹೇಳುತ್ತಿದ್ದರು.

"ಮತ್ತ ನೇಟಿವ್ ಅಂದ್ರ ಏನು ಬರೀಲಿ ಅಜ್ಜಾ?" ಮಗಳು ಈಗ ಅವರ ಭಾಷೆಗೆ ಇಳಿದಿದ್ದಳು.

ಅಪ್ಪ ಸ್ವಲ್ಪ ಹೊತ್ತು ಮಳೆ ನೋಡಿದರು. "ಓಣ್ಯಾಗ ಹೊಂಟ್ರ 'ನೀ ಯಾರ ಪೈಕಿ?' ಅಂತ ಕೇಳೂ ಮಂದಿ ಇರ್ತಾರಲ್ಲ, ಅದು ಊರು. ಇಲ್ಲಿ ನನಗ ಯಾರೂ ಕೇಳಂಗಿಲ್ಲ. ನಿನಗ ಕೇಳತಾರೇನು?"

ಅವಳು ಯೋಚಿಸಿದಳು. ಗೇಟಿನ ವಾಚ್‌ಮನ್ ಕಾಕಾ, ಇಸ್ತ್ರಿಯವರು, ವಡಾಪಾವ್ ಗಾಡಿಯ ಅಜ್ಜಿ ಎಲ್ಲರಿಗೂ ಅವಳು ಯಾರ ಮಗಳು ಅಂತ ಗೊತ್ತು. ಬಾಗಲಕೋಟೆಗೆ ಹೋದರೂ ಎದುರುಮನೆಯವರು 'ಇಕಿ ಯಾರ ಪೈಕಿ' ಎಂದು ಕೇಳಿ, ಉತ್ತರ ಬರುವ ಮೊದಲೇ ಅಜ್ಜನ ಹೆಸರು ತಾವೇ ಹೇಳುತ್ತಾರೆ. "ಎರಡೂ ಕಡೆ ಕೇಳ್ತಾರೆ" ಅಂದಳು.

"ಹಂಗಾರ ಎರಡೂ ಬರಿ."

ಅವಳು ಬರೆದಳು. ಮೊದಲ ವಾಕ್ಯ: 'ಐ ಹ್ಯಾವ್ ಟೂ ನೇಟಿವ್ ಪ್ಲೇಸಸ್. ಒನ್ ಈಸ್ ಅಂಡರ್ ವಾಟರ್.'

ಬುಧವಾರ ನೋಟ್‌ಬುಕ್ ತಿದ್ದಿ ಬಂತು. ಟೀಚರ್ 'ಟೂ' ಎಂಬುದಕ್ಕೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ 'ಓನ್ಲಿ ಒನ್' ಎಂದು ಬರೆದಿದ್ದರು. ನೀರಿನ ವಾಕ್ಯದ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ. ತಪ್ಪು ಅವರದಲ್ಲ, ಪದದ ವ್ಯಾಕರಣವೇ ಹಾಗೆ. ಒಂದು ಸಲ ಹುಟ್ಟುವವರಿಗೆ ಒಂದೇ ನೇಟಿವ್. ತಿದ್ದಿ ಬರೆಯುವುದಿಲ್ಲ ಎಂದು ಮಗಳು ಹಟ ಹಿಡಿದಳು. ನಾನೂ ಬಲವಂತ ಮಾಡಲಿಲ್ಲ.

ದಸರೆಗೆ ಮುಂಚೆ ಅಪ್ಪ ಮನೆ ಮಾರಲು ಒಪ್ಪಿದರು. ಖರೀದಿದಾರರಿಗೆ ಹಾಕಿದ್ದು ಒಂದೇ ಷರತ್ತು, ತಲೆಬಾಗಿಲು ಕೀಳಬಾರದು. ಪುಣೆಯ ಫ್ಲಾಟಿಗೆ ಅದು ಹೇಗೂ ಹಿಡಿಸುವುದಿಲ್ಲ. ನೋಂದಣಿ ಕಚೇರಿಯಲ್ಲಿ ಕಾಗದಕ್ಕೆ ಬೇಕಾದ ವಿವರ ಬರೆದುಕೊಳ್ಳುತ್ತಿದ್ದ ಹುಡುಗ "ಕಾಯಂ ವಿಳಾಸ ಹೇಳ್ರಿ ಯಜಮಾನ್ರ" ಅಂದ. ಅಪ್ಪ ನನ್ನ ಕಡೆ ನೋಡಿದರು. ನಾನು ಪುಣೆಯ ವಿಳಾಸ ಹೇಳಿದೆ, ಪಿನ್‌ಕೋಡ್ ಸಮೇತ. ಹುಡುಗ ಟೈಪ್ ಮಾಡಿ, ತಲೆ ಎತ್ತಿ, ಅಪ್ಪನನ್ನೇ ಸ್ವಲ್ಪ ಹೊತ್ತು ದಿಟ್ಟಿಸಿ ಕೇಳಿದ:

"ಪುಣೇದವ್ರು ಅಲ್ಲ ಬಿಡ್ರಿ ನೀವು. ಯಾರ ಪೈಕಿ?"

ಅಪ್ಪ ಓಣಿಯ ಹೆಸರು ಹೇಳಿದರು. ಆ ಹುಡುಗನ ಅಜ್ಜನ ಮನೆಯೂ ಅದೇ ಓಣಿಯಲ್ಲಿತ್ತಂತೆ. ಕಾಗದದ ಕೆಲಸ ಮುಗಿಯಲು ಆವತ್ತು ಮಧ್ಯಾಹ್ನ ಮೂರಾಯಿತು. ಅಪ್ಪನಿಗೆ ಅವಸರವೇ ಇರಲಿಲ್ಲ.